ನೂರಕ್ಕೆ ನೂರು ಸಹಿ

1994ರಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳಿಗೆ ಹಿಮ ಹೊಡೆಯಿತು. ಅಲ್ಲಿ ಗಿಡ ಸುಟ್ಟಿತು, ಇಲ್ಲಿ ಬೆಲೆ ಏರಿತು. ಅದೇ ಹೊತ್ತಿಗೆ ಕಾಫಿ ಮಂಡಳಿಯ ಹಿಡಿತವೂ ಸಡಿಲವಾಗುತ್ತಾ ಬಂದು, 1996ಕ್ಕೆ ಬೆಳೆಗಾರರು ತಮ್ಮ ಕಾಫಿಯನ್ನು ತಮಗೆ ಬೇಕಾದವರಿಗೆ ಮಾರುವಂತಾಯಿತು. ಮಡಿಕೇರಿ ಕಡೆಯ ಸಣ್ಣ ಬೆಳೆಗಾರರ ಕೈಯಲ್ಲಿ ಮೊದಲ ಸಲ ನಾಲ್ಕು ಕಾಸು ಓಡಾಡಿದ ಕಾಲ ಅದು. ಕೆಲವರು ಜೀಪು ತಗೊಂಡರು. ಕೆಲವರು ಮಗಳ ಮದುವೆ ಜೋರಾಗಿ ಮಾಡಿದರು. ನಮ್ಮಪ್ಪ ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡರು. ಈಗ ಕೆಡವಿ ಹೊಸದಾಗಿ ಕಟ್ಟಲು ಹೊರಟಿರುವುದು ಅದೇ ಕಟ್ಟಡ.

ಅಪ್ಪ ಒಬ್ಬರೇ ಅಲ್ಲ. ಇಂದಿರಾನಗರದ ಅಂಚಿನಲ್ಲಿದ್ದ ಆ ಕಾಂಪ್ಲೆಕ್ಸ್‌ನಲ್ಲಿ ಎರಡು ಬ್ಲಾಕ್, ಒಂಬತ್ತು ಮಹಡಿ, ಒಟ್ಟು 72 ಮನೆ. ಅದರಲ್ಲಿ ಹದಿನೈದಕ್ಕೂ ಜಾಸ್ತಿ ಮನೆ ಕೊಡಗಿನವರದ್ದೇ. ಒಬ್ಬರು ತಗೊಂಡರು ಅಂತ ಅವರ ಭಾವ, ಭಾವ ತಗೊಂಡರು ಅಂತ ಅವರ ರೆಜಿಮೆಂಟಿನ ಗೆಳೆಯ, ಹೀಗೆ. ಮಕ್ಕಳು ಕಾಲೇಜಿಗೆ ಹೋಗುವಾಗ ಹಾಸ್ಟೆಲ್ ಹುಡುಕುವುದು ಬೇಡ, ಆಸ್ಪತ್ರೆಗೆ ಬಂದಾಗ ಲಾಡ್ಜ್ ಬೇಡ. ಅಷ್ಟೇ ಲೆಕ್ಕ. ಮೊದಲು ಅಲ್ಲಿ ಒಂದು ಹಳೇ ಬಂಗಲೆ ಇತ್ತಂತೆ. ಹೆಂಚಿನ ಮಾಡು, ಸುತ್ತ ಒಂದೆಕರೆ ಚಿಲ್ಲರೆ ಕಾಂಪೌಂಡು, ಎರಡು ದೊಡ್ಡ ಮಾವಿನ ಮರ. ಬೆಂಗಳೂರಿನ ಇಂಥ ಎಷ್ಟೋ ಬಂಗಲೆಗಳು 80ರ ಮತ್ತು 90ರ ದಶಕದಲ್ಲಿ ಹೀಗೇ ನೆಲಸಮವಾಗಿ ಮೇಲೆದ್ದವು. ಎಂ.ಜಿ. ರಸ್ತೆಯಲ್ಲಿ ಪಾಲಿಕೆಯೇ ಕಟ್ಟಿಸಿದ 25 ಮಹಡಿಯ ಯುಟಿಲಿಟಿ ಬಿಲ್ಡಿಂಗ್ 70ರ ದಶಕದಿಂದಲೂ ಊರಿಗೆಲ್ಲ ಕಾಣುವ ಹಾಗೆ ನಿಂತಿತ್ತು. ಅದನ್ನು ನೋಡಿ ಬಂದವರಿಗೆ ಒಂಬತ್ತು ಮಹಡಿ ಒಂದು ಲೆಕ್ಕವೇ ಅಲ್ಲ. ಆದರೆ ನಮ್ಮ ಅವ್ವ ಮೊದಲ ಸಲ ಆರನೇ ಮಹಡಿಯ ಬಾಲ್ಕನಿಗೆ ಬಂದಾಗ ಕಂಬಿ ಹಿಡಿದುಕೊಂಡೇ ನಿಂತಿದ್ದರು.

2022ರ ಮಳೆಗೆ ಬಿ ಬ್ಲಾಕಿನ ಐದನೇ ಮಹಡಿಯ ಸಜ್ಜಾದಿಂದ ಒಂದು ತುಂಡು ಕಳಚಿ ಕೆಳಗಿದ್ದ ಕಾರಿನ ಬಾನೆಟ್ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅದುವರೆಗೆ ಪೇಂಟ್ ಬಳಿಸಿ ಮುಚ್ಚುತ್ತಾ ಬಂದ ಬಿರುಕುಗಳ ಬಗ್ಗೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡಿದ್ದು ಆಮೇಲೆಯೇ. ಅಸೋಸಿಯೇಶನ್‌ನವರು ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಅನ್ನುವ ಪರೀಕ್ಷೆ, ಮಾಡಿಸೋಣ ಅಂದರು. ಅಪ್ಪ ತೀರಿಕೊಂಡ ಮೇಲೆ ಆ ಮನೆಯ ಉಸಾಬರಿ ನನ್ನ ತಲೆಗೇ ಬಂದಿತ್ತು. ಹಾಗಾಗಿ ಆಡಿಟ್ ದಿನ ನಾನೂ ಹೋಗಿದ್ದೆ.

ಆ ಪರೀಕ್ಷೆಯನ್ನು ನೀವು ಒಮ್ಮೆ ನೋಡಬೇಕು. ಪಾರ್ಕಿಂಗ್‌ನ ಒಂದು ಕಂಬದ ಗಾರೆ ಕೆತ್ತಿ, ಒಳಗಿನ ಕಾಂಕ್ರೀಟನ್ನು ಉಳಿಯಲ್ಲಿ ಬೊಗಸೆಯಷ್ಟು ಅಗೆದರು. ಇಂಜಿನಿಯರ್ ಹುಡುಗಿ ಸಣ್ಣ ಸ್ಪ್ರೇ ಬಾಟಲಿ ತೆಗೆದು ಅದರ ಮೇಲೆ ಫಿನಾಲ್ಫ್‌ಥಲೀನ್ ಹೊಡೆದಳು. ಪಿಯುಸಿ ಲ್ಯಾಬ್‌ನಲ್ಲಿ ಟೈಟ್ರೇಶನ್ ಮಾಡುವಾಗ ಹಾಕುತ್ತಿದ್ದೆವಲ್ಲ, ಅದೇ. ಕಾಂಕ್ರೀಟ್ ಚೆನ್ನಾಗಿದ್ದರೆ ಅದರಲ್ಲಿ ಕ್ಷಾರ ಇರುತ್ತದೆ, ತಕ್ಷಣ ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಹೊಕ್ಕು ಕ್ಷಾರ ಹೋಗಿದ್ದರೆ ಬಣ್ಣವೇ ಬರುವುದಿಲ್ಲ. ನಮ್ಮ ಕಂಬದಲ್ಲಿ ಹೊರಗಿನಿಂದ ಕಬ್ಬಿಣದವರೆಗೂ ಸುಮ್ನೆ ಬೂದು. ಕಬ್ಬಿಣ ದಾಟಿದ ಮೇಲೆ ಗುಲಾಬಿ. "ಅಲ್ಲಿವರೆಗೆ ರಕ್ಷಣೆ ಇಲ್ಲ ಸರ್," ಅಂದಳು. ಕ್ಷಾರ ಇರುವಷ್ಟು ದಿನ ಕಬ್ಬಿಣ ತುಕ್ಕು ಹಿಡಿಯದು. ಅದು ಹೋಯಿತೆಂದರೆ ತುಕ್ಕು ಶುರು. ತುಕ್ಕಾದ ಕಬ್ಬಿಣ ಮೊದಲಿಗಿಂತ ಜಾಸ್ತಿ ಜಾಗ ಕೇಳುತ್ತದೆ, ಉಬ್ಬಿ ಹೊರಗಿನ ಕಾಂಕ್ರೀಟನ್ನೇ ತಳ್ಳುತ್ತದೆ. ಸಜ್ಜಾ ಬಿದ್ದದ್ದು ಹಾಗೆ.

ನಮ್ಮ ಕಟ್ಟಡ ಎದ್ದ ಕಾಲಕ್ಕೆ ಎಂ15 ದರ್ಜೆಯ ಕಾಂಕ್ರೀಟ್ ಹಾಕಿದರೂ ನಡೆಯುತ್ತಿತ್ತು. 2000ದಲ್ಲಿ ಕಾಂಕ್ರೀಟ್ ಕಟ್ಟಡಗಳ ಐಎಸ್ 456 ಸಂಹಿತೆ ಬದಲಾದ ಮೇಲೆ ಅದಕ್ಕಿಂತ ಗಟ್ಟಿಯಾದ ಕನಿಷ್ಠ ಎಂ20 ಬೇಕು ಅಂತಾಯಿತು. ಅಂದರೆ ಆಗಿನ ನಿಯಮಕ್ಕೆ ಸರಿಯಾಗಿಯೇ ಕಟ್ಟಿದ ಕಟ್ಟಡವೂ ಈಗಿನ ಲೆಕ್ಕದಲ್ಲಿ ದುರ್ಬಲ. ಸುತ್ತಿಗೆಯ ರೀಬೌಂಡ್ ಪರೀಕ್ಷೆ, ಶಬ್ದದ ಅಲೆ ಹಾಯಿಸುವ ಪರೀಕ್ಷೆ, ಕೋರ್ ಕೊರೆದು ಲ್ಯಾಬಿಗೆ ಕಳಿಸುವುದು ಎಲ್ಲ ಮುಗಿದು ವರದಿ ಬಂತು. ನಾಳೆಯೇ ಬೀಳುವುದಿಲ್ಲ. ರಿಪೇರಿ ಮಾಡಿದರೆ ಒಂದಷ್ಟು ವರ್ಷ ಎಳೆಯಬಹುದು. ಆದರೆ ಕಂಬಗಳ ಸುತ್ತ ಹೊಸ ಕಾಂಕ್ರೀಟಿನ ಜಾಕೆಟ್ ಹಾಕಬೇಕು, ಡ್ರೈನೇಜ್ ಪೈಪು ಪೂರ್ತಿ ಬದಲಿಸಬೇಕು, ಎರಡು ಲಿಫ್ಟ್ ಹೊಸದು ಬೇಕು, ಬೆಂಕಿ ಬಿದ್ದರೆ ಇಳಿಯಲು ಎರಡನೇ ಮೆಟ್ಟಿಲೇ ಇಲ್ಲ. 2010ರ ಫೆಬ್ರವರಿಯಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತದ್ದು ನಮ್ಮ ಕಾಂಪ್ಲೆಕ್ಸ್‌ನಿಂದ ದೂರದಲ್ಲೇನೂ ಅಲ್ಲ. ಆ ಹೊಗೆಯನ್ನು ಬಾಲ್ಕನಿಯಿಂದ ನೋಡಿದವರು ಸಭೆಯಲ್ಲಿದ್ದರು. ರಿಪೇರಿಯ ಅಂದಾಜು ಪಟ್ಟಿ ಓದಿದಾಗ ಬಾಡಿಗೆಗೆ ಕೊಟ್ಟು ದೂರದಲ್ಲಿರುವ ಓನರ್‌ಗಳು ಕೆಮ್ಮಿದರು. ಯಾರೋ ರೀಡೆವಲಪ್‌ಮೆಂಟ್ ಅಂದರು. ಕೆಡವಿ ಹೊಸದು ಕಟ್ಟೋದು. ಬಿಲ್ಡರ್ ತನ್ನ ದುಡ್ಡಲ್ಲಿ ಕಟ್ಟಿ ನಮಗೆ ನಮ್ಮ ಮನೆ ಕೊಟ್ಟು, ಮೇಲೆ ಜಾಸ್ತಿ ಬಂದ ಮನೆ ಮಾರಿಕೊಳ್ಳೋದು. ಕೈಯಿಂದ ಕಾಸು ಬೇಡ. ಎಲ್ಲರ ಮುಖ ಅರಳಿತು.

ವಕೀಲರು ಬಂದು ಆ ಮುಖಗಳನ್ನು ಮತ್ತೆ ಬಾಡಿಸಿದರು.

ಮಹಾರಾಷ್ಟ್ರದಲ್ಲಿ ಹೌಸಿಂಗ್ ಸೊಸೈಟಿಯ 51 ಶೇಕಡಾ ಸದಸ್ಯರು ಒಪ್ಪಿದರೆ ಸಾಕು. ತಮಿಳುನಾಡು 2022ರ ಕಾಯ್ದೆಯಲ್ಲಿ ಮೂರರಲ್ಲಿ ಎರಡು ಪಾಲು ಅಂತ ಇಟ್ಟಿದೆ. ನಮ್ಮದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಅದರಲ್ಲಿ ಕೆಡವಿ ಕಟ್ಟುವುದಕ್ಕಾಗಿ ಆಸ್ತಿಯನ್ನು ಕಾಯ್ದೆಯಿಂದ ಹೊರಗೆ ತೆಗೆಯಬೇಕೆಂದರೆ ಎಲ್ಲ ಮಾಲೀಕರೂ ಸಹಿ ಹಾಕಬೇಕು. ಮನೆ ಮೇಲೆ ಸಾಲ ಇದ್ದರೆ ಬ್ಯಾಂಕೂ ಒಪ್ಪಬೇಕು. ಇನ್ನು ಕಟ್ಟಡವನ್ನು ಆ ಕಾಯ್ದೆಯ ಕೆಳಗೆ ತರುವ ಘೋಷಣಾ ಪತ್ರವೇ ನೋಂದಣಿ ಆಗಿಲ್ಲದಿದ್ದರೆ? ಆಗಲೂ ನೆಲ 72 ಜನರ ಜಂಟಿ ಆಸ್ತಿ, ಅವರವರ ಪಾಲು ಬಿಟ್ಟುಕೊಡಲು ಅವರವರೇ ಸಹಿ ಹಾಕಬೇಕು. ಹೇಗೆ ನೋಡಿದರೂ ನೂರಕ್ಕೆ ನೂರು. ನಮ್ಮ ಅಸೋಸಿಯೇಶನ್ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದ್ದು. ನೀರಿನ ಬಿಲ್ಲು, ಸೆಕ್ಯೂರಿಟಿ ಸಂಬಳ ನೋಡಿಕೊಳ್ಳಬಹುದು. ನೆಲದ ಮೇಲೆ ಅದಕ್ಕೆ ಕವಡೆಯ ಹಕ್ಕೂ ಇಲ್ಲ.

ಬೆಂಗಳೂರಿನವರು ಇದನ್ನು ಕೇಳಿ ತಲೆ ಮೇಲೆ ಕೈ ಹೊತ್ತರು. ನಾವು ಕೊಡಗಿನವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಇಡೀ ಕುಟುಂಬಕ್ಕೆ ಜಂಟಿಯಾಗಿ ಬಂದ ಜಮ್ಮಾ ಜಾಗ ಇರುವವರಿಗೆ ಇದೇನು ಹೊಸದಾ? ಆರ್‌ಟಿಸಿಯಲ್ಲಿ ಪಟ್ಟೇದಾರರ ಹೆಸರು, ಕೆಳಗೆ ಕುಟುಂಬದ ಇಡೀ ಪಟ್ಟಿ, ಒಬ್ಬ ಮುನಿಸಿಕೊಂಡರೆ ಬ್ಯಾಂಕ್ ಸಾಲವೂ ಇಲ್ಲ. ಯಾವ ಚಿಕ್ಕಪ್ಪನನ್ನು ಯಾರ ಮೂಲಕ ಕೇಳಿಸಬೇಕು, ಯಾರ ಮನೆಗೆ ಮೊದಲು ಹೋಗಬೇಕು, ಯಾರ ಮುಂದೆ ಯಾರ ಹೆಸರು ಎತ್ತಬಾರದು, ಇದೆಲ್ಲ ನಮಗೆ ಹುಟ್ಟಿನಿಂದ ಬಂದ ವಿದ್ಯೆ. "ಕೊಡಗಿನ ಮನೆಗಳ ಜವಾಬ್ದಾರಿ ನಿಮ್ಮದು," ಅಂತ ಕಮಿಟಿಯವರು ನನ್ನ ಹೆಗಲಿಗೆ ಹಾಕಿದರು.

ಮೊದಲು ಎಲ್ಲರ ಕ್ರಯಪತ್ರ ತರಿಸಿ ಯುಡಿಎಸ್ ಕೂಡಿಸಿ ನೋಡಿ ಅಂತ ವಕೀಲರು ಹೇಳಿದ್ದರು. ಯುಡಿಎಸ್ ಅಂದರೆ ನೆಲದಲ್ಲಿ ನಮ್ಮ ಅವಿಭಜಿತ ಪಾಲು. ಫ್ಲ್ಯಾಟ್ ತಗೊಳ್ಳುವಾಗ ಟೈಲ್ಸ್ ನೋಡುತ್ತೇವೆ, ಗಾಳಿ ಬೆಳಕು ನೋಡುತ್ತೇವೆ, ಕ್ರಯಪತ್ರದ ಕೊನೇ ಪುಟದ ಷೆಡ್ಯೂಲಿನಲ್ಲಿರುವ ಈ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ಗೋಡೆ ಹಳೆಯದಾಗುತ್ತಾ ಬೆಲೆ ಕಳಕೊಳ್ಳುತ್ತದೆ. ಕೊನೆಗೆ ಉಳಿಯುವುದು ಈ ಸಂಖ್ಯೆ ಒಂದೇ. ಎಲ್ಲ ಪತ್ರ ಬಂದ ಮೇಲೆ ಊಟದ ಮೇಜಿನ ಮೇಲೆ ಹರಡಿಕೊಂಡು ಕೂಡಿಸಿದೆವು. ನೂರು ಬರಬೇಕಿತ್ತು, ತೊಂಬತ್ನಾಲ್ಕರ ಹತ್ತಿರ ನಿಂತಿತು. ಮತ್ತೆ ಕೂಡಿಸಿದರೂ ಅಷ್ಟೇ. ಆಗ ಕಟ್ಟಿದ ಬಿಲ್ಡರ್ ಸುಮಾರು ಆರು ಶೇಕಡಾ ಪಾಲನ್ನು ಯಾರಿಗೂ ಬರೆದುಕೊಡದೆ ಸದ್ದಿಲ್ಲದೆ ತನ್ನಲ್ಲೇ ಇಟ್ಟುಕೊಂಡಿದ್ದ. ಟೆರೇಸಿನ ಮೇಲೆ ಇನ್ನೊಂದು ಮಹಡಿ ಏರಿಸುವ ಆಸೆ ಇತ್ತೋ ಏನೋ. ಆತ ಈಗಿಲ್ಲ. ಮಕ್ಕಳಿಬ್ಬರು ಇದ್ದಾರೆ. ಮೂವತ್ತು ವರ್ಷ ಒಂದು ಬಲ್ಬು ಹಾಕಿಸದವರು ಈಗ ಎರಡು ಫ್ಲ್ಯಾಟ್ ಕೇಳಿದರು. ನನಗೆ ಇಂದಿಗೂ ಅದನ್ನು ನೆನೆದರೆ ಪಿತ್ತ ನೆತ್ತಿಗೇರುತ್ತದೆ. ಎಳೆದಾಡಿ ಎಳೆದಾಡಿ ಒಂದು ಮನೆಗೆ ಒಪ್ಪಿಸಿದ್ದಾಯಿತು. ಕೋರ್ಟಿಗೆ ಹೋಗಿದ್ದರೆ ನ್ಯಾಯ ನಮ್ಮ ಕಡೆ ಇರುತ್ತಿತ್ತೇನೋ, ಕಟ್ಟಡ ಮಾತ್ರ ಇರುತ್ತಿರಲಿಲ್ಲ.

ಕೊಡಗಿನ ಭಾಗದ ಕೆಲಸ ಶುರುವಾದದ್ದು ತಪ್ಪಾದ ಕಾಲದಲ್ಲಿ. ಬೆಂಗಳೂರಿನ ಕಮಿಟಿಗೆ ಜನವರಿ ಅಂದರೆ ಹೊಸ ವರ್ಷ, ಸಭೆ ಇಡಲು ಒಳ್ಳೇ ಸಮಯ. ನಮಗೆ ಕಾಫಿ ಹಣ್ಣು ಕೊಯ್ಯುವ ಸಮಯ. ಆಳು ಸಿಗದೆ ಒದ್ದಾಡುವಾಗ ಆಧಾರ್ ಜೆರಾಕ್ಸ್ ತಗೊಂಡು ಬನ್ನಿ ಅಂದರೆ ಯಾರು ಬರುತ್ತಾರೆ? ಮಾರ್ಚಿಗೆ ಕಾಫಿ ಹೂವರಳಿಸುವ ಹೂ ಮಳೆ ಬರುತ್ತಾ ಇಲ್ಲವಾ ಅನ್ನೋ ಚಿಂತೆ, ಸ್ಪ್ರಿಂಕ್ಲರ್ ಓಡಿಸುವ ಗಡಿಬಿಡಿ. ಜೂನ್ ನಂತರ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಜೂಮ್ ಸಭೆಯಲ್ಲಿ ಭಾಗಮಂಡಲದ ಕಡೆಯವರು "ಕೇಳಿಸ್ತಾ ಇದ್ಯಾ?" ಅಂತ ಕೇಳುವಷ್ಟರಲ್ಲಿ ಮಾಯ.

ಮೂವತ್ತು ವರ್ಷದಲ್ಲಿ ಮೂಲ ಖರೀದಿದಾರರು ಅರ್ಧಕ್ಕರ್ಧ ತೀರಿಕೊಂಡಿದ್ದರು. ಖಾತೆ ಇನ್ನೂ ಅವರ ಹೆಸರಲ್ಲೇ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಬೇಕು, ಅದನ್ನಿಟ್ಟು ಬೆಂಗಳೂರಿನಲ್ಲಿ ಖಾತೆ ಬದಲಿಸಬೇಕು, ಬೇಡ ಅಂದವರಿಂದ ಹಕ್ಕು ಬಿಡುಗಡೆ ಪತ್ರ ಬರೆಸಬೇಕು. 2024ರ ಕೊನೆಗೆ ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲ ಅಂತಾಯಿತು. ಆಗ ಮತ್ತೊಂದು ಸುತ್ತು. ನನ್ನ ಅಕ್ಕ ಟೊರಾಂಟೊದಲ್ಲಿದ್ದಾಳೆ. ಅವಳ ಜಿಪಿಎ, ಅಂದರೆ ಅಧಿಕಾರ ಪತ್ರ, ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಡಿಕೇರಿಯ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಆ ಕೆಲಸ ಮಾತ್ರ ನಾನು ಅಂದುಕೊಂಡಿದ್ದಕ್ಕಿಂತ ಸಲೀಸಾಗಿ ಆಯಿತು. ಹೇಳಲೇಬೇಕು.

ಕಾಗದ ಸಿಗುತ್ತದೆ, ಮನಸ್ಸು ಒಪ್ಪಿಸುವುದು ಬೇರೆ ಕತೆ. ಚೇರಂಬಾಣೆ ಕಡೆ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಎಂಬತ್ತು ದಾಟಿದೆ. ಗಂಡ ಮಿಲಿಟರಿಯಲ್ಲಿದ್ದವರು, ಪೆನ್ಶನ್ ದುಡ್ಡು ಸೇರಿಸಿ ತಗೊಂಡ ಮನೆ. ಎಲ್ಲರೂ ಹಾಕಿದರೂ ಅವರು ಸಹಿ ಹಾಕಿರಲಿಲ್ಲ. ನಾನು ಹೋದಾಗ ಕಣದಲ್ಲಿ ಕುರ್ಚಿ ಹಾಕಿಕೊಂಡು ಒಳ್ಳೆಮೆಣಸು ಕಾಯುತ್ತಾ ಕೂತಿದ್ದರು. ಕಾಫಿ ಬಂತು. ಊರ ಸುದ್ದಿ ಎಲ್ಲ ಆಯಿತು. ಆಮೇಲೆ ಕನ್ನಡಕ ಏರಿಸಿಕೊಂಡು ಕೇಳಿದರು.

"ನನ್ನ ಪತ್ರದಲ್ಲಿ ನೆಲದ ಪಾಲು ಎಷ್ಟುಂಟು ಮಗಾ?"

"ಆರುನೂರು ಚದರ ಅಡಿ ಹತ್ತಿರ ಟೀಚರೇ."

"ಹೊಸ ಕಟ್ಟಡದಲ್ಲಿ?"

ನಾನು ಸ್ವಲ್ಪ ತಡವರಿಸಿ ಹೇಳಿದೆ. "ಮುನ್ನೂರ ಎಪ್ಪತ್ತೈದು ಆಗಬಹುದು."

"ಮತ್ತೆ ಮನೆ ಫ್ರೀಯಾಗಿ ಕೊಡ್ತಾರೆ ಅಂತ ಊರೆಲ್ಲ ಹೇಳ್ತಾ ತಿರುಗ್ತಿದ್ದೀರಲ್ಲ?"

ಇಡೀ ವ್ಯವಹಾರದ ಮರ್ಮ ಇಷ್ಟೇ. ಅಷ್ಟು ಸಭೆಗಳಲ್ಲಿ ಸೂಟು ಬೂಟು ಹಾಕಿಕೊಂಡು ಬಂದವರು ಪರದೆಯ ಮೇಲೆ ಈಜುಕೊಳ ತೋರಿಸಿದರೇ ಹೊರತು ಈ ಲೆಕ್ಕ ಯಾರೂ ತೋರಿಸಿರಲಿಲ್ಲ. ನೆಲ ಅಷ್ಟೇ ಇದೆ, ಸುಮಾರು 45,000 ಚದರ ಅಡಿ. ಅದರ ಮೇಲೆ 72 ಮನೆ ಇದ್ದದ್ದು 120 ಆಗುತ್ತದೆ. ಬಿಲ್ಡರ್ ಮಾರುವ 48 ಮನೆಯ ಜೊತೆ ಹೋಗುವುದು ನಮ್ಮ ನೆಲ. ನಾವು ನೆಲ ಮಾರಿ ಹೊಸ ಗೋಡೆ ಕೊಳ್ಳುತ್ತಿದ್ದೇವೆ. ಹಾಗಂತ ಅದು ಕೆಟ್ಟ ವ್ಯಾಪಾರ ಅಲ್ಲ. ಆದರೆ ಮಾರುತ್ತಿದ್ದೇವೆ ಅಂತ ಗೊತ್ತಿದ್ದವನು ಬೆಲೆ ಕೇಳುತ್ತಾನೆ, ಫ್ರೀ ಸಿಗುತ್ತಿದೆ ಅಂದುಕೊಂಡವನು ಥ್ಯಾಂಕ್ಸ್ ಹೇಳುತ್ತಾನೆ. ಟೀಚರ್ ಕೇಳಿದ್ದನ್ನು ನಾನು ಮುಂದಿನ ಸಭೆಯಲ್ಲಿ ಹಾಗೇ ಹೇಳಿದೆ. ಅಲ್ಲಿಂದ ನಮ್ಮ ಮಾತಿನ ಧಾಟಿಯೇ ಬದಲಾಯಿತು.

ಎರಡನೇ ಲೆಕ್ಕ ಅಳತೆಯದು. "1,250 ಅಡಿಗೆ 1,500 ಕೊಡ್ತೀವಿ, ನೇರವಾಗಿ 20 ಶೇಕಡಾ ಜಾಸ್ತಿ" ಅಂತ ಬಿಲ್ಡರ್ ಹೇಳಿದ್ದು ಸೂಪರ್ ಬಿಲ್ಟ್ ಅಪ್. ಅದರಲ್ಲಿ ಲಾಬಿ, ಮೆಟ್ಟಿಲು, ಲಿಫ್ಟು, ಕ್ಲಬ್ ಹೌಸ್ ಎಲ್ಲದರ ಪಾಲೂ ಸೇರುತ್ತದೆ. ಹಳೇ ಕಟ್ಟಡದಲ್ಲಿ ಅಂಥ ಜಾಗ ಕಡಿಮೆ ಇತ್ತು. 1,250ರಲ್ಲಿ ಕಾಲಿಟ್ಟು ಓಡಾಡುವ ಜಾಗ 1,030 ಇತ್ತು. ಹೊಸ 1,500ರಲ್ಲಿ ಅದು 1,040. ಹತ್ತು ಅಡಿ! ಒಂದು ಬೀರು ಇಡುವ ಜಾಗ. ರಿಯಲ್ ಎಸ್ಟೇಟ್ ನಿಯಂತ್ರಿಸುವ 2016ರ ರೇರಾ ಕಾಯ್ದೆ ಬಂದ ಮೇಲೆ ಈ ಓಡಾಡುವ ಜಾಗಕ್ಕೆ, ಅಂದರೆ ಕಾರ್ಪೆಟ್ ಏರಿಯಾಕ್ಕೆ, ಸ್ಪಷ್ಟ ವ್ಯಾಖ್ಯೆ ಇದೆ. ಕರಾರಿನಲ್ಲಿ ಎಲ್ಲ ಕಡೆ ರೇರಾ ಕಾರ್ಪೆಟ್ ಅಂತಲೇ ಬರೆಯಬೇಕು ಅಂತ ಪಟ್ಟು ಹಿಡಿದೆವು. ಕೊನೆಗೆ 1,150ಕ್ಕೆ ನಿಂತಿತು. ಹೊಸದಾಗಿ ಮಾರುವ ಮನೆಗಳಿಗಾಗಿ ಬಿಲ್ಡರ್ ಹೇಗೂ ರೇರಾ ನೋಂದಣಿ ಮಾಡಿಸಬೇಕು, ಕೊಳ್ಳುವವರಿಂದ ಬಂದ ದುಡ್ಡಿನ 70 ಶೇಕಡಾ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಆ ರಕ್ಷಣೆ ಮುಖ್ಯವಾಗಿ ಕೊಳ್ಳುವವರಿಗೆ. ಹಳೇ ಮಾಲೀಕರಾದ ನಮಗೆ ಬೇಕಾದದ್ದು ಬ್ಯಾಂಕ್ ಗ್ಯಾರಂಟಿ, ಬಿಲ್ಡರ್ ಮಾತು ತಪ್ಪಿದರೆ ಬ್ಯಾಂಕೇ ದುಡ್ಡು ಕೊಡುವ ಹಾಗೆ. ಕಟ್ಟಡ ಕೆಡವಿ ಅರ್ಧಕ್ಕೆ ಬಿಟ್ಟು ಹೋದರೆ? ಟೀಚರ್ ಸಹಿ ಹಾಕಲು ಇಟ್ಟ ಷರತ್ತು ಅದೊಂದೇ. ಜೊತೆಗೆ ನಾವೆಲ್ಲ ಕೇಳಿದ್ದು ಕಟ್ಟಿ ಮುಗಿಸುವವರೆಗೆ ತಿಂಗಳ ಬಾಡಿಗೆ, ತಡವಾದರೆ ಜಾಸ್ತಿ ಬಾಡಿಗೆ.

ಇಲ್ಲಿ ಕಾಫಿ ಮತ್ತೆ ನಮ್ಮ ಕೈ ಹಿಡಿಯಿತು. 2024-25ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಕೊಡಗಿನ ಓನರ್‌ಗಳಿಗೆ ಯಾವ ಆತುರವೂ ಇರಲಿಲ್ಲ. "ಸಹಿ ಬೇಕಾದ್ರೆ ಗ್ಯಾರಂಟಿ ತಗೊಂಡು ಬನ್ನಿ, ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ" ಅಂತ ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದರು. ಬೆಲೆ ಬಿದ್ದಿದ್ದ ವರ್ಷಗಳಲ್ಲಿ ಇದೇ ಮಾತು ಬಂದಿದ್ದರೆ ಅರ್ಧ ಜನ ಮೊದಲ ಆಫರ್‌ಗೇ ಒಪ್ಪುತ್ತಿದ್ದರು, ಇದು ನನ್ನ ಅನುಮಾನ.

ಸರ್ಕಾರಿ ಅನುಮತಿಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ಬಿಲ್ಡರ್ ತಲೆನೋವು. ಎರಡು ವಿಷಯ ಮಾತ್ರ. ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವುದು ಎದುರಿನ ರಸ್ತೆಯ ಅಗಲದ ಮೇಲೆ ನಿಂತಿದೆ. ಹಾಗಾಗಿ ನಮ್ಮ ಭವಿಷ್ಯ ಒಂದು ದಿನವಿಡೀ ಟೇಪು ಹಿಡಿದ ಸರ್ವೇಯರ್ ಕೈಯಲ್ಲಿತ್ತು. ಎತ್ತರಕ್ಕೆ ಎಚ್‌ಎಎಲ್ ವಿಮಾನ ನಿಲ್ದಾಣದ ಒಪ್ಪಿಗೆ ಬೇಕು. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದರೂ ಈ ಹಳೇ ನಿಲ್ದಾಣದಲ್ಲಿ ಹಾರಾಟ ನಿಂತಿಲ್ಲ. ಬಿಲ್ಡರ್ ಇಪ್ಪತ್ತೆರಡು ಮಹಡಿಯ ಚಿತ್ರ ತೋರಿಸಿದ್ದ, ಒಪ್ಪಿಗೆ ಬಂದದ್ದು ಹದಿನೇಳಕ್ಕೆ. ಇದರ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನಮ್ಮ ಫೈಲು ಯಾವ ಪಾಲಿಕೆಯ ಯಾವ ಮೇಜಿನ ಮೇಲಿದೆ ಅಂತ ಹುಡುಕುವುದೇ ಒಂದು ಕೆಲಸವಾಯಿತು.

ತೆರಿಗೆಯ ಭಯ ಎಲ್ಲರಿಗೂ ಇತ್ತು. ಆಡಿಟರ್ ಸಮಾಧಾನ ಹೇಳಿದರು. 2017ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ ನಿಯಮದಂತೆ, ನೋಂದಾಯಿತ ಜಂಟಿ ಅಭಿವೃದ್ಧಿ ಕರಾರಿನಲ್ಲಿ ವ್ಯಕ್ತಿಗಳಿಗೆ ಬಂಡವಾಳ ಲಾಭದ ತೆರಿಗೆ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬಂದ ವರ್ಷಕ್ಕೆ ಬರುತ್ತದೆ, ಸಹಿ ಹಾಕಿದ ವರ್ಷಕ್ಕಲ್ಲ. ಆದರೆ ಅಷ್ಟರೊಳಗೆ ನಿಮ್ಮ ಪಾಲನ್ನು ಮಾರಿದರೆ ಈ ಸೌಲಭ್ಯ ತಪ್ಪುತ್ತದೆ. ಮಧ್ಯದಲ್ಲಿ ಮಾರುವ ಯೋಚನೆಯಲ್ಲಿದ್ದ ಇಬ್ಬರು ಅಲ್ಲಿಗೆ ಸುಮ್ಮನಾದರು.

ಕರಾರಿನ ನೋಂದಣಿಯ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯ ತಂತ್ರಾಂಶ ಕಾವೇರಿ 2.0 ಸರ್ವರ್ ಡೌನ್. ತಲಕಾವೇರಿ ಪಕ್ಕದಿಂದ ಬೆಳಗ್ಗೆ ಮೂರಕ್ಕೆ ಹೊರಟು ಬಂದಿದ್ದ ಮೇಜರ್ ಅಂಕಲ್ "ನಮ್ಮೂರಲ್ಲಿ ಹರೀತಾ ಇದ್ದಾಳೆ, ಇಲ್ಯಾಕೆ ನಿಂತಳು?" ಅಂದರು. ಮಧ್ಯಾಹ್ನದ ಮೇಲೆ ಹೆಬ್ಬೆರಳು, ಫೋಟೋ, ಸಹಿ ಶುರುವಾಯಿತು. ಟೀಚರ್ ಬರಲಾಗದೆ ಮಗನಿಗೆ ಅಧಿಕಾರ ಪತ್ರ ಕೊಟ್ಟಿದ್ದರು. ಹೊರಡುವ ಮುಂಚೆ ಮಗನ ಕೈಯಲ್ಲಿ ಬ್ಯಾಂಕ್ ಗ್ಯಾರಂಟಿಯ ಪ್ರತಿ ಓದಿಸಿ ಕೇಳಿದ್ದರಂತೆ.

ಕರಾರಿನಲ್ಲಿ ಕೆಡವಿದ ಸಾಮಾನೆಲ್ಲ ಬಿಲ್ಡರ್‌ಗೆ ಸೇರಿದ್ದು ಅಂತ ಒಂದು ಸಾಲಿರುತ್ತದೆ. ಕಬ್ಬಿಣ, ಕಿಟಕಿ, ಬಾಗಿಲು ಎಲ್ಲ. ಅದನ್ನು ಓದಿ ತಿದ್ದಿಸಿಕೊಳ್ಳಿ. ಅಪ್ಪ ನಮ್ಮ ತೋಟದ ಹಲಸಿನ ಮರ ಕೊಯ್ಯಿಸಿ ಮುಂಬಾಗಿಲು ಮಾಡಿಸಿದ್ದರು. ಮೂವತ್ತು ವರ್ಷಕ್ಕೆ ಹಳದಿ ಬಣ್ಣ ಹೋಗಿ ಬೆಲ್ಲದ ಬಣ್ಣ ಬಂದಿತ್ತು, ಹಿಡಿಕೆಯ ಸುತ್ತ ಮಾತ್ರ ಕೈ ತಾಗಿ ತಾಗಿ ಕಪ್ಪು. "ಮಾಲೀಕರು ಮರದ ಬಾಗಿಲು, ಚೌಕಟ್ಟು ತೆಗೆದುಕೊಂಡು ಹೋಗಬಹುದು" ಅಂತ ಒಂದು ಸಾಲು ಸೇರಿಸಿದೆವು. ಪಿಕಪ್‌ನಲ್ಲಿ ಹಾಕಿ ತಂದು ಈಗ ಪಂಪ್‌ಹೌಸ್‌ಗೆ ಕೂರಿಸಿದ್ದೇನೆ. ಪಂಪ್‌ಹೌಸ್‌ಗೆ ಇಷ್ಟು ಗತ್ತಿನ ಬಾಗಿಲು ಸುತ್ತಮುತ್ತ ಎಲ್ಲೂ ಇಲ್ಲ.

ಕೆಡವುವುದು ಅಂದಾಕ್ಷಣ ನಮ್ಮವರಿಗೆಲ್ಲ ನೆನಪಾಗಿದ್ದು 2020ರ ಜನವರಿಯಲ್ಲಿ ಕೊಚ್ಚಿಯ ಮರಡುವಿನಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಸ್ಫೋಟಿಸಿದ ನಾಲ್ಕು ಕಾಂಪ್ಲೆಕ್ಸ್‌ಗಳು. ಕರಾವಳಿ ನಿಯಮ ಮೀರಿ ಕಟ್ಟಿದ್ದವು ಅವು. ಕೊಡಗಿನಲ್ಲಿ ಎಲ್ಲರ ಮನೆಯಲ್ಲೂ ಟಿವಿ ಮುಂದೆ ಕೂತು ನೋಡಿದ್ದರು. ನಮ್ಮಲ್ಲಿ ಹಾಗಲ್ಲ. ಅಕ್ಕಪಕ್ಕದಲ್ಲಿ ಮನೆ, ಶಾಲೆ ಇರುವುದರಿಂದ ಮೇಲಿನಿಂದ ಒಂದೊಂದೇ ಮಹಡಿ ಬಿಚ್ಚುತ್ತಾ ಬರುತ್ತಾರೆ. ಹಸಿರು ಬಲೆ ಕಟ್ಟಿ, ನೀರು ಹೊಡೆಯುತ್ತಾ. ಎ ಬ್ಲಾಕ್ ನಾಲ್ಕನೇ ಮಹಡಿಯವರೆಗೆ ಇಳಿದಿದೆ ಅಂತ ಮೊನ್ನೆ ವಾಟ್ಸಾಪ್‌ನಲ್ಲಿ ಫೋಟೋ ಬಂತು.

ಗ್ರೂಪಿನಲ್ಲಿ ಈಗ ಜಗಳ ನಡೆಯುತ್ತಿರುವುದು ಪಾರ್ಕಿಂಗ್ ಬಗ್ಗೆ. ಜಾಗ ಉಳಿಸಲು ಬಿಲ್ಡರ್ ಒಂದರ ಮೇಲೊಂದು ಕಾರು ಏರಿಸುವ ಯಂತ್ರ ಹಾಕುತ್ತಾನಂತೆ. ಆ ತಟ್ಟೆಯ ಎತ್ತರಕ್ಕೆ ಬೆಂಗಳೂರಿನವರ ಸಣ್ಣ ಕಾರು ಸಲೀಸಾಗಿ ಹಿಡಿಯುತ್ತದೆ. ಮೇಲೆ ಕ್ಯಾರಿಯರ್ ಹಾಕಿದ ನಮ್ಮ ಜೀಪು, ಬೊಲೆರೋ ಹಿಡಿಯಲ್ಲ. ಕೊಡಗಿನ ಮನೆಗಳಿಗೆಲ್ಲ ನೆಲದ ಮೇಲಿನ ಪಾರ್ಕಿಂಗೇ ಕೊಡಬೇಕು ಅಂತ ಅರ್ಜಿ ಬರೆದಿದ್ದೇವೆ. ಮೇಜರ್ ಅಂಕಲ್ ಕ್ಯಾರಿಯರ್ ಸಮೇತ ಅಳತೆ ಕಳಿಸಿದ್ದಾರೆ.